ಗೆರೆಯ ಕೆಳಗಿರೋದೆಲ್ಲ ಒಂದೇ: ವಿಂಕ್ಯುಲಮ್ ಬಗ್ಗೆ ನಾಲ್ಕು ಮಾತು

ಧಾರವಾಡದ ಸಪ್ತಾಪುರದ ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಗಣಿತ ಹೇಳಿಕೊಡುವವರಿಗೆಲ್ಲ ಗೊತ್ತಿರುವ ಒಂದು ಲೆಕ್ಕವಿದೆ. 20 − (9 − 5 − 2). ಇದರಲ್ಲಿ 5 − 2 ತಲೆಯ ಮೇಲೆ ಒಂದು ಅಡ್ಡಗೆರೆ ಇರುತ್ತದೆ. ಗದಗ, ಹಾವೇರಿ ಕಡೆಯಿಂದ ಬಂದ ಚುರುಕು ಹುಡುಗರೂ ಥಟ್ಟನೆ 18 ಅಂತ ಬರೆಯುತ್ತಾರೆ. ಕೀ ಆನ್ಸರ್ ನೋಡಿದರೆ 14. ‘ಸರ್, ಕೀ ಆನ್ಸರ್ ತಪ್ಪೈತ್ರಿ’ ಅಂತ ಯಾರಾದರೂ ಎದ್ದು ನಿಂತೇ ನಿಲ್ಲುತ್ತಾರೆ.

ಕೀ ಆನ್ಸರ್ ಸರಿಯಾಗಿಯೇ ಇದೆ. ಗೆರೆಯ ಕೆಳಗಿನ 5 − 2 ಮೊದಲು ಮಾಡಬೇಕು, 3 ಬರುತ್ತದೆ. ಆಮೇಲೆ 9 − 3, ಅಂದರೆ 6. 20ರಲ್ಲಿ 6 ಕಳೆದರೆ 14. ಗೆರೆಯನ್ನು ಲೆಕ್ಕಕ್ಕೇ ಹಿಡಿಯದವರಿಗೆ ಕಂಸದೊಳಗೆ 2 ಬಂತು, ಉತ್ತರ 18 ಆಯಿತು.

ಈ ಗೆರೆಯ ಹೆಸರು ವಿಂಕ್ಯುಲಮ್. ಲೆಕ್ಕದಲ್ಲಿ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಮಾಡಬೇಕು ಅನ್ನುವ ಕ್ರಮ ನೆನಪಿಡಲು ನಾವು ಕ್ಲಾಸಿನಲ್ಲಿ ಹೇಳುವ ವಿ-ಬೋಡ್‌ಮಾಸ್‌ನಲ್ಲಿ ಮೊದಲಿಗೆ ಬರುವ ‘ವಿ’ ಇದೇ. ಲ್ಯಾಟಿನ್‌ನಿಂದ ಬಂದ ಪದ, ಅಲ್ಲಿ ಅದರ ಅರ್ಥ ಕಟ್ಟು, ಬಂಧ. ಎಷ್ಟೋ ಮಂದಿ ‘ವಿ’ ಅಂದರೆ ಮೊದಲು ಮಾಡೋದು ಅಂತ ಬಾಯಿಪಾಠ ಮಾಡಿ ಬಿಟ್ಟುಬಿಡುತ್ತಾರೆ. ನನಗೆ ಅದು ಸಾಲದು. ಮೆಂತೆ ಪಲ್ಲೆಯ ಸಿವುಡನ್ನು ಸಂತೆಯಲ್ಲಿ ಒಂದೇ ಅಂತ ಎಣಿಸುತ್ತಾರೆ, ಒಳಗೆ ಎಷ್ಟು ದಂಟು ಇದ್ದರೂ ಸರಿ. ಗೆರೆ ಮಾಡುವ ಕೆಲಸವೂ ಅಷ್ಟೇ: ತನ್ನ ಕೆಳಗಿರುವುದನ್ನೆಲ್ಲ ಕಟ್ಟಿ ಒಂದೇ ಸಂಖ್ಯೆ ಮಾಡುತ್ತದೆ. ಇದು ತಲೆಗೆ ಹೋದರೆ ‘ಮೊದಲು ಮಾಡು’ ಅನ್ನುವ ನಿಯಮ ತಾನಾಗಿಯೇ ಬರುತ್ತದೆ.

ವಿಂಕ್ಯುಲಮ್ ಅಪರೂಪದ ಹೆಸರು ನಿಜ, ಆದರೆ ಗೆರೆಯನ್ನು ನಾವು ದಿನಾ ಬಳಸುತ್ತೇವೆ. ಭಿನ್ನರಾಶಿಯ ನಡುವಿನ ಗೆರೆಯೂ ವಿಂಕ್ಯುಲಮ್ಮೇ. ಮೇಲೆ 12 + 8, ಕೆಳಗೆ 4 + 1 ಇದೆ ಅಂತಿಟ್ಟುಕೊಳ್ಳಿ. ಗೆರೆ ಅಂಶವನ್ನೂ ಕಟ್ಟುತ್ತದೆ, ಛೇದವನ್ನೂ ಕಟ್ಟುತ್ತದೆ. 20 ಭಾಗಿಸು 5, ಉತ್ತರ 4. ಈಗ ಇದನ್ನೇ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ 12 + 8 ÷ 4 + 1 ಅಂತ ಒತ್ತಿ. ಅದು ಭಾಗಾಕಾರ ಮೊದಲು ಮಾಡಿ 15 ತೋರಿಸುತ್ತದೆ. ಅಂಗಡಿಯ ಮೇಜಿನ ಮೇಲಿನ ಸಾದಾ ಕ್ಯಾಲ್ಕುಲೇಟರ್ ಒತ್ತಿದ ಹಾಗೇ ಮಾಡುತ್ತಾ ಹೋಗಿ 6 ಕೊಡುತ್ತದೆ. ಒಂದೇ ಲೆಕ್ಕಕ್ಕೆ ಮೂರು ಉತ್ತರ! ಯಂತ್ರದ ತಪ್ಪೇನಿಲ್ಲ. ಕಾಗದದ ಮೇಲೆ ಗೆರೆ ಮಾಡುತ್ತಿದ್ದ ಕೆಲಸವನ್ನು ಒತ್ತುವಾಗ ಯಾರೂ ಮಾಡಲಿಲ್ಲ. (12 + 8) ÷ (4 + 1) ಅಂತ ಎರಡು ಜೊತೆ ಕಂಸ ಹಾಕಬೇಕಿತ್ತು. ಸರಾಸರಿ ಲೆಕ್ಕದಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವುದು ಜಾಸ್ತಿ ಇಲ್ಲೇ.

ವರ್ಗಮೂಲದ ಕಥೆ ಇನ್ನೂ ಚೆನ್ನಾಗಿದೆ. √ ಗುರುತನ್ನು 1525ರಲ್ಲಿ ಗಣಿತಜ್ಞ ಕ್ರಿಸ್ಟೋಫ್ ರುಡಾಲ್ಫ್ ಅಚ್ಚಿನಲ್ಲಿ ಬಳಸಿದಾಗ ಅದಕ್ಕೆ ಮೇಲಿನ ಗೆರೆ ಇರಲಿಲ್ಲ. 1637ರಲ್ಲಿ ಫ್ರಾನ್ಸಿನ ಗಣಿತಜ್ಞ ದೆಕಾರ್ತ್ ಅದಕ್ಕೆ ವಿಂಕ್ಯುಲಮ್ ಸೇರಿಸಿದರು. ಗೆರೆ ಎಲ್ಲಿಗೆ ನಿಲ್ಲುತ್ತದೆ ಅನ್ನುವುದರ ಮೇಲೆ ಉತ್ತರ ನಿಂತಿದೆ. √9 + 16ರಲ್ಲಿ ಗೆರೆ 9ರ ಮೇಲೆ ಮಾತ್ರ ಇದ್ದರೆ 3 + 16, ಅಂದರೆ 19. ಗೆರೆ 16ರ ತನಕ ಹೋದರೆ 25ರ ವರ್ಗಮೂಲ, ಅಂದರೆ 5. ಅವಸರದಲ್ಲಿ ಗೆರೆಯನ್ನು ಅರ್ಧಕ್ಕೇ ಬಿಡುವ ಹುಡುಗರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಪೂರಾ ಎಳೆಯೋಕೆ ಒಂದು ಕ್ಷಣ ಸಾಕು, ಅಲ್ವಾ?

ಗೆರೆ ಯಾವಾಗಲೂ ತಲೆಯ ಮೇಲೇ ಇತ್ತು ಅಂತಲೂ ಅಲ್ಲ. 1484ರಲ್ಲಿ ಫ್ರಾನ್ಸಿನ ನಿಕೊಲಾ ಶುಕೆ ತಮ್ಮ ಹಸ್ತಪ್ರತಿಯಲ್ಲಿ ಅಡಿಗೆರೆ ಎಳೆದು ಪದಗಳನ್ನು ಗುಂಪು ಮಾಡಿದ್ದರು. ಮುಂದೆ ಕಂಸಗಳು ಈ ಜಾಗ ಹಿಡಿದವು. ಅಚ್ಚಿನ ಮೊಳೆ ಜೋಡಿಸುವವರಿಗೆ ಅಕ್ಷರದ ತಲೆಯ ಮೇಲೆ ಗೆರೆ ಕೂರಿಸುವುದಕ್ಕಿಂತ ಕಂಸ ಹಾಕುವುದು ಸುಲಭವಾಗಿತ್ತು.

ಆವರ್ತ ದಶಮಾಂಶದಲ್ಲಿ ಗೆರೆಯನ್ನು ಬಾರ್ ಅನ್ನುತ್ತೇವೆ. ಇಲ್ಲಿ ಗೆರೆಯ ಕೆಳಗಿನ ಅಂಕಿಗಳೆಲ್ಲ ಒಟ್ಟಿಗೆ ಮರುಕಳಿಸುತ್ತವೆ. 0.12ರಲ್ಲಿ ಎರಡೂ ಅಂಕಿಯ ಮೇಲೆ ಬಾರ್ ಇದ್ದರೆ ಅದು 12/99, ಅಂದರೆ 4/33. ಬರೀ 2ರ ಮೇಲಿದ್ದರೆ 11/90. ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುವವರು ಈ ಎರಡನ್ನೂ ಒಮ್ಮೆ ಕೈಯಾರೆ ಮಾಡಿ ನೋಡಿ.

ಗಣಿತದ ಹೊರಗೂ ಈ ಪದ ಸಿಗುತ್ತದೆ. ಹುಬ್ಬಳ್ಳಿಯಲ್ಲಿ ಕಾನೂನು ಓದುವವರಿಗೆ ಹಳೆಯ ಇಂಗ್ಲಿಷ್ ಕಾನೂನಿನ ‘ಅ ವಿಂಕ್ಯುಲೋ ಮ್ಯಾಟ್ರಿಮೋನಿಯೈ’ ಎದುರಾಗಬಹುದು. ಮದುವೆಯ ಬಂಧವನ್ನೇ ಪೂರ್ತಿ ಕಡಿಯುವ ವಿಚ್ಛೇದನ ಅಂತ ಅರ್ಥ. ವೈದ್ಯಕೀಯ ಓದುವವರಿಗೆ ಬೆರಳು ಮಡಚುವ ಸ್ನಾಯುರಜ್ಜುಗಳನ್ನು ಮೂಳೆಗೆ ಹಿಡಿದಿಟ್ಟು, ಅವುಗಳಿಗೆ ರಕ್ತನಾಳ ಒಯ್ಯುವ ಸಣ್ಣ ಪಟ್ಟಿಗಳು ಗೊತ್ತು. ಅಂಥ ಒಂದು ಪಟ್ಟಿಯ ಹೆಸರೂ ವಿಂಕ್ಯುಲಮ್, ಒಂದಕ್ಕಿಂತ ಹೆಚ್ಚಿದ್ದರೆ ವಿಂಕ್ಯುಲ ಅನ್ನಬೇಕು.

ಎರಡು ಕಡೆ ಮಾತ್ರ ಹುಷಾರು, ಅಲ್ಲಿ ಗೆರೆಯ ಕೆಲಸ ಗುಂಪು ಕಟ್ಟುವುದಲ್ಲ. ರೋಮನ್ ಅಂಕಿಯ ಮೇಲಿನ ಗೆರೆ ಬೆಲೆಯನ್ನು ಸಾವಿರ ಪಟ್ಟು ಮಾಡುತ್ತದೆ, 5ರ ಗುರುತು 5,000 ಆಗುತ್ತದೆ. ವೇದಗಣಿತ ಅಂತ ಕಲಿಸುವ ಪದ್ಧತಿಯಲ್ಲಿ ಅಂಕಿಯ ಮೇಲಿನ ಗೆರೆ ಅಂದರೆ ಆ ಅಂಕಿ ಋಣ. ಅಲ್ಲಿ 2ರ ಪಕ್ಕ ಗೆರೆ ಹೊತ್ತ 1 ಬಂದರೆ 20 − 1, ಅಂದರೆ 19.

ನೋಟ್ಸ್ ಟೈಪ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಹಂಚುವ ಗೆಳೆಯರಿಗೆ ಒಂದು ವಿನಂತಿ. ಟೈಪ್ ಮಾಡುವಾಗ ಮೇಲಿನ ಗೆರೆ ಬಿದ್ದುಹೋಗುತ್ತದೆ, ಪ್ರಶ್ನೆಯೇ ಬೇರೆಯಾಗುತ್ತದೆ. ಗೆರೆ ಹಾಕಲು ಬರದಿದ್ದರೆ ಅಲ್ಲಿ ಇನ್ನೊಂದು ಕಂಸ ಹಾಕಿ: 20 − [9 − (5 − 2)].