ಜೊಂಡಿನೊಳಗಲ್ಲ, ಅಂಚಿನ ಕೆಸರಿನಲ್ಲಿ ಹುಡುಕಿ

ಬೈಲನ್ಸ್ ಕ್ರೇಕ್ ಎಂಬ ಪುಟ್ಟ ಜವುಗುಹಕ್ಕಿ ಕಾಣಲೇ ಇಲ್ಲ ಎನ್ನುವವರು ಹೆಚ್ಚಾಗಿ ಜೊಂಡಿನೊಳಗೆ ಕಣ್ಣು ನೆಟ್ಟಿರುತ್ತಾರೆ. ಅಲ್ಲಿ ಅದು ಸಿಗುವುದು ಕಷ್ಟ. ಗೊರವಂಕಕ್ಕಿಂತ ಚಿಕ್ಕದಾದ, 17-19 ಸೆಂ.ಮೀ. ಉದ್ದದ ಹಕ್ಕಿ, ಮೈ ಎರಡೂ ಪಕ್ಕದಿಂದ ಅದುಮಿದ ಹಾಗೆ ಚಪ್ಪಟೆ. ಒತ್ತಾಗಿ ಬೆಳೆದ ಆಪುಹುಲ್ಲಿನ ನಡುವೆಯೂ ಸಲೀಸಾಗಿ ನುಸುಳುತ್ತದೆ. ಮೇಯಲು ಬರುವುದು ಜೊಂಡಿನಂಚಿನ ತೆಳುನೀರಿಗೆ, ಕೆಸರಿಗೆ.

ಹಾಗಾಗಿ ಮೊದಲು ನೀರಿನ ಮಟ್ಟ ನೋಡಿ. ಕೋಡಿ ಬಿದ್ದ ಕೆರೆಯಲ್ಲಿ ಜೊಂಡಿನ ಬುಡವೇ ಮುಳುಗಿರುತ್ತದೆ. ಹಕ್ಕಿ ಇದ್ದರೂ ಹೊರಬರಲು ಅಂಚೇ ಇರುವುದಿಲ್ಲ. ನಮ್ಮ ಕಡೆ ಇದು ಚಳಿಗಾಲದ ವಲಸೆ ಹಕ್ಕಿ. ದಾವಣಗೆರೆ ಜಿಲ್ಲೆಯ ಸೂಳೆಕೆರೆಯಂಥ ದೊಡ್ಡ ಕೆರೆಯಲ್ಲಿ ಏರಿಯ ಮೇಲೆ ನಿಂತರೆ ಪ್ರಯೋಜನವಿಲ್ಲ. ನೀರು ಇಳಿಯುತ್ತಿರುವ ಹಿನ್ನೀರಿನ ಮೂಲೆ, ತೂಬಿನ ಕೆಳಗಿನ ಜವುಗು, ಭದ್ರಾ ನಾಲೆಯ ಬಸಿನೀರು ನಿಂತ ಗದ್ದೆಯಂಚು, ಇವು ಹುಡುಕಬೇಕಾದ ಜಾಗ.

ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ, ಬಿಸಿಲು ಬೆನ್ನಿಗೆ ಬರುವಂತೆ ಕೂತಿರಬೇಕು. ಜೊಂಡಿನಿಂದ 15-20 ಮೀಟರ್ ದೂರ ಸಾಕು. ನಿಂತರೆ ಆಕಾಶಕ್ಕೆ ಎದುರಾಗಿ ನಿಮ್ಮ ಆಕಾರ ಎದ್ದು ಕಾಣುತ್ತದೆ. ಬೈನಾಕ್ಯುಲರ್ 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮುಂಗಾಜಿನದು) ಇರಲಿ. 10x ಕೈಯಲ್ಲಿ ಹೆಚ್ಚು ನಡುಗುತ್ತದೆ, ನೋಟದ ಹರವೂ ಕಡಿಮೆ. ನಲವತ್ತು ನಿಮಿಷವಾದರೂ ಅಲುಗಬೇಡಿ. ಗಾಳಿಯಿಲ್ಲದೆ ಒಂದೇ ಕಡ್ಡಿ ಅಲ್ಲಾಡಿದರೆ ಅದರ ಬುಡದ ಮೇಲೆ ಫೋಕಸ್ ಮಾಡಿ ಕಾಯಿರಿ. ಊರ ನಾಯಿ ಹಿಂದೆ ಬಂದಿದ್ದರೆ ಅವತ್ತಿನ ಕೆಲಸ ಮುಗಿದಂತೆಯೇ.

ಕಂಡ ಮೇಲೆ ಎಡವುವುದು ಗುರುತಿನಲ್ಲಿ. ಹುಂಡುಕೋಳಿಯ ಮರಿ ಪೂರ್ತಿ ಕಪ್ಪು. ಕೆಂಪು ಕಾಲು, ಕಂದುಗೆಂಪು ಎದೆ ಇದ್ದರೆ ರಡ್ಡಿ-ಬ್ರೆಸ್ಟೆಡ್ ಕ್ರೇಕ್. ಅದು 22 ಸೆಂ.ಮೀ. ಆಸುಪಾಸು. ಬೈಲನ್ಸ್‌ಗೆ ಮುಖ, ಎದೆ ಬೂದುನೀಲಿ, ಕಂದು ಬೆನ್ನಿನ ಮೇಲೆ ಬಿಳಿ ಚಿಮುಕು, ಪಕ್ಕೆಯಲ್ಲಿ ಕಪ್ಪು-ಬಿಳಿ ಅಡ್ಡಪಟ್ಟೆ. ಕೊಕ್ಕು ಹಸಿರು, ಬುಡದಲ್ಲಿ ಕೆಂಪಿಲ್ಲ. ಕೆಂಪಿದ್ದರೆ ಲಿಟಲ್ ಕ್ರೇಕ್ ಇರಬಹುದೇ ಎಂದು ನೋಡಬೇಕು: ಅದರ ರೆಕ್ಕೆಯ ತುದಿ ಉದ್ದಕ್ಕೆ ಚಾಚಿರುತ್ತದೆ, ಬೈಲನ್ಸ್‌ನದು ಮೋಟು. ಬೈಲನ್ಸ್‌ನ ಎಳೆಯ ಹಕ್ಕಿಯ ಎದೆ ಬೂದಿಯಲ್ಲ, ತಿಳಿಕಂದು. ಗೊಂದಲ ಹೆಚ್ಚು ಇಲ್ಲೇ. ಫೋಟೋ ತೆಗೆದರೆ ಕೊಕ್ಕು, ಪಕ್ಕೆ, ರೆಕ್ಕೆತುದಿ ಮೂರೂ ಕಾಣುವಂತೆ ಅಡ್ಡದಿಂದ ತೆಗೆಯಿರಿ.

ಮೊಬೈಲ್‌ನಲ್ಲಿ ಕೂಗು ಹಾಕಿ ಕರೆಯುವುದು ಬೇಡ. ಚಳಿಗಾಲದಲ್ಲಿ ಇದು ಕೂಗುವುದೇ ಅಪರೂಪ. ಹಕ್ಕಿಗೆ ಕಿರಿಕಿರಿ ಮಾತ್ರ. ಜೊಂಡಿನೊಳಗೆ ಇಳಿದು ಎಬ್ಬಿಸುವುದಂತೂ ಕೂಡದು. ಕಾಲು ಜೋತುಬಿಟ್ಟು ನಾಲ್ಕಾರು ಮೀಟರ್ ಹಾರಿ ಮತ್ತೆ ಜೊಂಡಿಗೆ ಬೀಳುತ್ತದೆ, ಆ ಒಂದು ಕ್ಷಣದಲ್ಲಿ ಪಕ್ಕೆಯ ಪಟ್ಟೆಯೂ ಕಾಣುವುದಿಲ್ಲ.