ಕಮ್ಯುನಿಟಿ ಕಾಲೇಜಿನ 88 ಯೂನಿಟ್‌ಗಳಲ್ಲಿ ವಿಶ್ವವಿದ್ಯಾಲಯದ ಲೆಕ್ಕಕ್ಕೆ ಬರುವುದು ಎಷ್ಟು?

ಪ್ರಶ್ನೆ: ನಮ್ಮ ಮಗಳು ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿರುವ ಡಿ ಆಂಜಾ ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತಿದ್ದಾಳೆ. ಕಂಪ್ಯೂಟರ್ ಸೈನ್ಸ್ ಪದವಿಗಾಗಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಯಾವುದಾದರೊಂದು ಕ್ಯಾಂಪಸ್ಸಿಗೆ ಹೋಗುವ ಯೋಚನೆ ಅವಳದು. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ, ಅಂದರೆ ಅಂಕಪಟ್ಟಿಯಲ್ಲಿ, ಈಗ 88 ಯೂನಿಟ್ ಇವೆ. ಎಲ್ಲವೂ ವರ್ಗವಾಗುತ್ತವೆ, ಇನ್ನೆರಡು ವರ್ಷದಲ್ಲಿ ಪದವಿ ಕೈಗೆ ಬರುತ್ತದೆ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಅರ್ಧಕ್ಕರ್ಧ ನೀರಿಗೆ ಹೋಗುತ್ತದೆ ಎಂದು ಇನ್ನೊಬ್ಬರು ಹೆದರಿಸುತ್ತಾರೆ. ಯಾರ ಮಾತನ್ನು ನಂಬಬೇಕು?

ಉತ್ತರ: ಇಬ್ಬರ ಮಾತೂ ಏಕಕಾಲಕ್ಕೆ ನಿಜವಾಗಬಹುದು ಎಂಬುದೇ ಈ ವಿಷಯದ ತೊಡಕು. 88 ಯೂನಿಟ್‌ಗಳಷ್ಟನ್ನೂ ವಿಶ್ವವಿದ್ಯಾಲಯ ಒಪ್ಪಿಕೊಂಡು ದಾಖಲೆಯಲ್ಲಿ ಬರೆದುಕೊಂಡ ಮೇಲೂ ಪದವಿಗೆ ಮೂರು ವರ್ಷ ಹಿಡಿಯಬಹುದು. ಹತ್ತು ಹದಿನೈದು ಯೂನಿಟ್ ಬಿದ್ದುಹೋದ ವಿದ್ಯಾರ್ಥಿ ಎರಡೇ ವರ್ಷದಲ್ಲಿ ಮುಗಿಸಿ ಹೊರಬರಲೂಬಹುದು. ಒಂದು ಕ್ರೆಡಿಟ್ ಅನ್ನು, ಅಂದರೆ ಕೋರ್ಸ್ ಮುಗಿಸಿ ಗಳಿಸಿದ ಯೂನಿಟ್‌ಗಳನ್ನು, ಸ್ವೀಕರಿಸುವುದು ಬೇರೆ, ಅದು ಪದವಿಯ ಯಾವ ಅಗತ್ಯವನ್ನು ತೀರಿಸುತ್ತದೆ ಎಂಬುದು ಬೇರೆ.

ಮೊದಲು ಊರಿನಿಂದ ಓದುತ್ತಿರುವವರಿಗಾಗಿ ಒಂದು ಮಾತು. ಎರಡು ವರ್ಷದ ಕಾಲೇಜು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಪಿಯುಸಿ. ಅಮೆರಿಕದ ಕಮ್ಯುನಿಟಿ ಕಾಲೇಜು ಅದಲ್ಲ. ಅದು ಹನ್ನೆರಡನೆಯ ತರಗತಿಯ ನಂತರದ, ನಾಲ್ಕು ವರ್ಷದ ಪದವಿಯ ಮೊದಲೆರಡು ವರ್ಷಗಳ ಪಾಠಗಳನ್ನು ಕಲಿಸುವ ಸಂಸ್ಥೆ. ಕರ್ನಾಟಕದಲ್ಲಿ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಬಿಇ ಎರಡನೆಯ ವರ್ಷಕ್ಕೆ ಸೇರುವ ಲ್ಯಾಟರಲ್ ಎಂಟ್ರಿ ಇದಕ್ಕೆ ಹತ್ತಿರದ ಹೋಲಿಕೆಯಾದರೂ, ಅಲ್ಲಿ ಒಂದು ಇಡೀ ವರ್ಷವನ್ನೇ ಬಿಡಿಯಾಗಿಸದೆ ಮಾನ್ಯ ಮಾಡುತ್ತಾರೆ. ಇಲ್ಲಿ ಹಾಗಿಲ್ಲ. ಒಂದೊಂದು ಕೋರ್ಸನ್ನೂ ಪ್ರತ್ಯೇಕವಾಗಿ ತೂಗಿ, ನಮ್ಮಲ್ಲಿ ಇದಕ್ಕೆ ಸಮನಾದ ಕೋರ್ಸ್ ಯಾವುದು ಎಂದು ಕೇಳುತ್ತಾರೆ.

ಕ್ಯಾಲಿಫೋರ್ನಿಯಾದಲ್ಲಿ ಈ ದಾರಿ ಹಳೆಯದು. 1960ರ ಮಾಸ್ಟರ್ ಪ್ಲಾನ್ ಉನ್ನತ ಶಿಕ್ಷಣವನ್ನು ಮೂರು ಹಂತವಾಗಿ ವಿಂಗಡಿಸಿತು: ಹೈಸ್ಕೂಲಿನ ಮೇಲಿನ ಎಂಟನೆಯ ಒಂದು ಭಾಗದ ವಿದ್ಯಾರ್ಥಿಗಳಿಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ, ಮೂರನೆಯ ಒಂದು ಭಾಗಕ್ಕೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಸಿಎಸ್‌ಯು, ಕಲಿಯಬಯಸುವ ಎಲ್ಲರಿಗೂ ತೆರೆದ ಬಾಗಿಲಾಗಿ ಕಮ್ಯುನಿಟಿ ಕಾಲೇಜುಗಳು, ಅಲ್ಲಿಂದ ಮೇಲಕ್ಕೆ ಏರಲು ವರ್ಗಾವಣೆಯ ಏಣಿ. ಇಂದು ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಏಣಿಯೇನೋ ಗಟ್ಟಿಯಾಗಿದೆ, ಆದರೆ ಎಲ್ಲ ಮೆಟ್ಟಿಲುಗಳ ನಡುವಿನ ಅಂತರ ಒಂದೇ ಅಲ್ಲ.

ಈಗ ನಿಮ್ಮ 88ಕ್ಕೆ ಬರೋಣ. ಯುಸಿಗೆ ಮೂರನೆಯ ವರ್ಷದ ವಿದ್ಯಾರ್ಥಿಯಾಗಿ ಸೇರಲು 60 ಯೂನಿಟ್ ಬೇಕೆಂದು ಎಲ್ಲರೂ ಹೇಳುತ್ತಾರೆ. ಅದು ಸೆಮಿಸ್ಟರ್ ಲೆಕ್ಕ. ಡಿ ಆಂಜಾ ನಡೆಯುವುದು ವರ್ಷದ ಓದನ್ನು ಎರಡರ ಬದಲು ಮೂರು ಚಿಕ್ಕ ಅವಧಿಗಳಾಗಿ ಹಂಚುವ ಕ್ವಾರ್ಟರ್ ಪದ್ಧತಿಯಲ್ಲಿ, ಮತ್ತು ಒಂದು ಸೆಮಿಸ್ಟರ್ ಯೂನಿಟ್ ಎಂದರೆ ಒಂದೂವರೆ ಕ್ವಾರ್ಟರ್ ಯೂನಿಟ್. ಅಂದರೆ ನಿಮ್ಮ ಮಗಳಿಗೆ ಬೇಕಿರುವುದು 90. ಈಗಿನ 88 ಸೆಮಿಸ್ಟರ್ ಲೆಕ್ಕದಲ್ಲಿ 58.67 ಮಾತ್ರ. ಅರವತ್ತರ ಗಡಿ ಎಂದೋ ದಾಟಿತೆಂದು ನೆಮ್ಮದಿಯಿಂದಿರುವ ಮನೆಗಳಲ್ಲಿ ಕೊನೆಯ ಗಳಿಗೆಯಲ್ಲಿ ಗಾಬರಿ ಹುಟ್ಟುವುದು ಬಹುಮಟ್ಟಿಗೆ ಇಲ್ಲೇ. ಶರತ್ಕಾಲದಲ್ಲಿ ಸೇರುವವರು ಅದಕ್ಕೆ ಮುಂಚಿನ ವಸಂತಾವಧಿ ಮುಗಿಯುವುದರೊಳಗೆ ಈ 90ನ್ನು ತುಂಬಿರಬೇಕು. ನಡುವಿನ ಬೇಸಿಗೆಯಲ್ಲಿ ತುಂಬಿಕೊಂಡರಾಯಿತು ಎನ್ನುವಂತಿಲ್ಲ.

ಕೆಳಮಿತಿ ಇರುವಂತೆ ಮೇಲ್ಮಿತಿಯೂ ಇದೆ. ಕಮ್ಯುನಿಟಿ ಕಾಲೇಜಿನಿಂದ ಹೆಚ್ಚೆಂದರೆ 70 ಸೆಮಿಸ್ಟರ್ ಯೂನಿಟ್, ಎಂದರೆ 105 ಕ್ವಾರ್ಟರ್ ಯೂನಿಟ್, ಪದವಿಯ ಮೊತ್ತಕ್ಕೆ ಸೇರುತ್ತವೆ. ಇದನ್ನು ಕೇಳಿ ಬೆಚ್ಚುವವರಿದ್ದಾರೆ, ಬೆಚ್ಚಬೇಕಾಗಿಲ್ಲ. ಮಿತಿ ಮೀರಿದ ಯೂನಿಟ್‌ಗಳು ಮೊತ್ತಕ್ಕೆ ಸೇರದಿದ್ದರೂ ಆ ಕೋರ್ಸಿನ ವಿಷಯಕ್ಕೆ ಮಾನ್ಯತೆ ಸಿಗುತ್ತದೆ. 106ನೆಯ ಯೂನಿಟ್ ಲೀನಿಯರ್ ಆಲ್‌ಜೀಬ್ರಾ ಆಗಿದ್ದರೆ ವಿಶ್ವವಿದ್ಯಾಲಯದಲ್ಲಿ ಅದನ್ನು ಮತ್ತೆ ಓದಬೇಕಾಗಿಲ್ಲ. ಕಮ್ಯುನಿಟಿ ಕಾಲೇಜಿನಲ್ಲಷ್ಟೇ ಓದಿದವರಿಗೆ ಯೂನಿಟ್ ಜಾಸ್ತಿಯಾಯಿತೆಂಬ ಕಾರಣಕ್ಕೆ ಯುಸಿ ಪ್ರವೇಶ ನಿರಾಕರಿಸುವುದೂ ಇಲ್ಲ.

ಮೊತ್ತದ ಲೆಕ್ಕ ಇಷ್ಟೇ. ನಿಜವಾದ ಪ್ರಶ್ನೆ, ಆ ಯೂನಿಟ್‌ಗಳು ಯಾವ ಬುಟ್ಟಿಗೆ ಬೀಳುತ್ತವೆ ಎಂಬುದು.

ಬುಟ್ಟಿಗಳು ಮೂರು. ಮೊದಲನೆಯದು ಬರೀ ಮೊತ್ತದ ಬುಟ್ಟಿ: ಪದವಿಗೆ ಬೇಕಾದ 120 ಸೆಮಿಸ್ಟರ್ ಅಥವಾ 180 ಕ್ವಾರ್ಟರ್ ಯೂನಿಟ್‌ಗಳಲ್ಲಿ ಎಣಿಕೆಗೆ ಬರುತ್ತವೆ, ಅಷ್ಟೇ. ಯುಸಿ ತನಗೆ ಒಪ್ಪಿಗೆಯಾಗುವ ಕೋರ್ಸುಗಳ ಪಟ್ಟಿಯನ್ನು ಪ್ರತಿ ಕಾಲೇಜಿಗೂ ತಾನೇ ಗೊತ್ತುಮಾಡುತ್ತದೆ. ಸಿಎಸ್‌ಯು ಮಟ್ಟಿಗೆ ಯಾವ ಕೋರ್ಸ್ ಪದವಿ ಮಟ್ಟದ್ದು ಎಂದು ಕಮ್ಯುನಿಟಿ ಕಾಲೇಜೇ ದೃಢೀಕರಿಸುತ್ತದೆ. ಆದ್ದರಿಂದ ಒಂದೇ ಕೋರ್ಸ್ ಸಿಎಸ್‌ಯುನಲ್ಲಿ ನಡೆದು ಯುಸಿಯಲ್ಲಿ ನಡೆಯದಿರುವುದುಂಟು. ಒಪ್ಪಿದ ಪಟ್ಟಿಯೊಳಗೂ ಸಣ್ಣ ಮಿತಿಗಳಿವೆ: ಆಟ, ಯೋಗ, ಈಜು ಮುಂತಾದ ದೈಹಿಕ ಚಟುವಟಿಕೆಯ ತರಗತಿಗಳಿಂದ 6 ಕ್ವಾರ್ಟರ್ ಯೂನಿಟ್ ಮಾತ್ರ, ಇಂಗ್ಲಿಷ್ ಎರಡನೆಯ ಭಾಷೆಯಾದವರಿಗಾಗಿರುವ ತರಗತಿಗಳಿಂದ 12 ಮಾತ್ರ ಲೆಕ್ಕಕ್ಕೆ ಬರುತ್ತವೆ. ಹೈಸ್ಕೂಲಿನಲ್ಲಿ ಎಪಿ, ಅಂದರೆ ಕಾಲೇಜು ಮಟ್ಟದ, ಕ್ಯಾಲ್ಕುಲಸ್ ಪರೀಕ್ಷೆ ಬರೆದು ಅಂಕ ಗಳಿಸಿ, ಕಾಲೇಜಿನಲ್ಲಿ ಅದೇ ಕ್ಯಾಲ್ಕುಲಸ್ಸನ್ನು ಮತ್ತೆ ತೆಗೆದುಕೊಂಡರೆ ಎರಡು ಸಲ ಕ್ರೆಡಿಟ್ ಸಿಗದು. ನಿಮ್ಮ ಮಗಳ 88ರಲ್ಲಿ ಏನಾದರೂ ನಿಜಕ್ಕೂ ಉದುರಿಹೋಗುವುದಿದ್ದರೆ ಅದು ಇಂಥ ಕಡೆಗಳಲ್ಲಿ.

ಎರಡನೆಯದು ಸಾಮಾನ್ಯ ಶಿಕ್ಷಣದ ಬುಟ್ಟಿ: ಇಂಗ್ಲಿಷ್ ಬರವಣಿಗೆ, ಗಣಿತ, ಕಲೆ, ಸಮಾಜ ವಿಜ್ಞಾನ, ವಿಜ್ಞಾನ ಇತ್ಯಾದಿ. ಇದಕ್ಕೆ ಮೊದಲು ಯುಸಿ ಮತ್ತು ಸಿಎಸ್‌ಯುಗಳ ನಡುವೆ ಎರಡು ಬೇರೆ ಬೇರೆ ನಮೂನೆಗಳಿದ್ದವು. 2021ರಲ್ಲಿ ಮಾಡಿದ ಕಾನೂನಿನ ಫಲವಾಗಿ 2025ರ ಶರತ್ಕಾಲದಿಂದ ಕ್ಯಾಲ್-ಗೆಟ್‌ಸಿ ಎಂಬ ಒಂದೇ ನಮೂನೆ ಎರಡಕ್ಕೂ ಬಂದಿದೆ. 34 ಸೆಮಿಸ್ಟರ್ ಯೂನಿಟ್‌ಗಳ ಈ ನಮೂನೆಯಲ್ಲಿ ಪ್ರತಿ ಕೋರ್ಸಿನಲ್ಲೂ ಕನಿಷ್ಠ ಸಿ ದರ್ಜೆ ಬೇಕು. ಅದೇ ಶರತ್ಕಾಲದಿಂದ ಕಾಲೇಜು ಕಾಲೇಜಿಗೆ ಬೇರೆಯಾಗಿದ್ದ ಕೋರ್ಸ್ ಸಂಖ್ಯೆಗಳನ್ನೂ ರಾಜ್ಯಾದ್ಯಂತ ಒಂದಾಗಿಸುವ ಕೆಲಸ ಆರಂಭವಾಗಿದ್ದು, ಮೊದಲ ಸುತ್ತಿನಲ್ಲಿ ಇಂಗ್ಲಿಷ್ ಬರವಣಿಗೆ, ಸಂಖ್ಯಾಶಾಸ್ತ್ರ, ಮನಶ್ಶಾಸ್ತ್ರದಂಥ ಕೆಲವು ಕೋರ್ಸುಗಳು ಸಿ1000 ಎಂಬ ಬಗೆಯ ಹೊಸ ಸಂಖ್ಯೆ ಪಡೆದಿವೆ. ಕನ್ನಡ ಕೂಟದ ಊಟದ ಸಾಲಿನಲ್ಲಿ, ನಾಲ್ಕೈದು ವರ್ಷದ ಹಿಂದೆ ಮಗನನ್ನು ಯುಸಿಗೆ ಕಳಿಸಿದವರು ಕೊಡುವ ಸಲಹೆಯನ್ನು ಆದರದಿಂದ ಕೇಳಿಸಿಕೊಳ್ಳಿ; ಆದರೆ ಅವರು ಹೇಳುತ್ತಿರುವುದು ಹಳೆಯ ನಮೂನೆಯ ಮಾತು ಎಂಬುದು ನೆನಪಿರಲಿ.

ಮೂರನೆಯದು ಮೇಜರ್‌ನ, ಅಂದರೆ ಪದವಿಯ ಮುಖ್ಯ ವಿಷಯದ ಬುಟ್ಟಿ, ಮತ್ತು ಕಂಪ್ಯೂಟರ್ ಸೈನ್ಸ್ ಓದುವವರ ಹಣೆಬರಹ ನಿರ್ಧಾರವಾಗುವುದು ಇಲ್ಲಿ. ಮೊದಲೆರಡು ವರ್ಷಗಳಲ್ಲಿ ಮುಗಿಸಬೇಕಾದ ಕ್ಯಾಲ್ಕುಲಸ್ ಸರಣಿ, ಲೀನಿಯರ್ ಆಲ್‌ಜೀಬ್ರಾ, ಡಿಸ್ಕ್ರೀಟ್ ಗಣಿತ, ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್ಸ್, ಕೆಲವು ಕಡೆ ಭೌತಶಾಸ್ತ್ರ, ಇವು ಒಂದರ ಹಿಂದೆ ಒಂದು ಬರುವ ಸರಪಳಿ. ಡೇಟಾ ಸ್ಟ್ರಕ್ಚರ್ಸ್ ಆಗದೆ ಆಲ್ಗಾರಿದಮ್ಸ್‌ಗೆ ಪ್ರವೇಶವಿಲ್ಲ, ಅದಿಲ್ಲದೆ ಮುಂದಿನದಕ್ಕಿಲ್ಲ. ಹೀಗಾಗಿ ಒಂದೇ ಒಂದು ಕೋರ್ಸ್ ಬಾಕಿ ಉಳಿಸಿಕೊಂಡು ಹೋದ ವಿದ್ಯಾರ್ಥಿ, ಉಳಿದೆಲ್ಲ ಕ್ರೆಡಿಟ್ ಕೈಯಲ್ಲಿದ್ದರೂ, ಮೊದಲ ಅವಧಿಯನ್ನು ಅದಕ್ಕೇ ಕೊಟ್ಟು ಕೂರಬೇಕಾಗುತ್ತದೆ, ಮತ್ತು ಆ ವಿಳಂಬ ಪದವಿಯ ಕೊನೆಯವರೆಗೂ ಹಿಂಬಾಲಿಸುತ್ತದೆ. ಸಾಲದ್ದಕ್ಕೆ, ಕಂಪ್ಯೂಟರ್ ಸೈನ್ಸ್‌ನಂಥ ಪೈಪೋಟಿಯ ಮೇಜರ್‌ಗಳಿಗೆ ಆರಿಸುವಾಗಲೇ ಈ ತಯಾರಿ ಪೂರ್ತಿಯಾಗಿದೆಯೇ ಎಂದು ನೋಡುತ್ತಾರೆ. ಇಂಜಿನಿಯರಿಂಗ್ ಮತ್ತು ಇಂಥ ಮೇಜರ್‌ಗಳಿಗೆ ಹೋಗುವವರು ಸಾಮಾನ್ಯ ಶಿಕ್ಷಣದ ನಮೂನೆಯನ್ನು ಪೂರ್ತಿ ಮಾಡುವುದಕ್ಕಿಂತ ಮೇಜರ್‌ನ ಪೂರ್ವಸಿದ್ಧತೆಗೆ ಮೊದಲ ಆದ್ಯತೆ ಕೊಡಬೇಕೆಂದು ಯುಸಿ ಹೇಳುವುದು ಇದೇ ಕಾರಣಕ್ಕೆ.

ಕ್ರೆಡಿಟ್ ವ್ಯರ್ಥವಾಗುವ ಭಯ ತಳವಿಲ್ಲದ್ದಲ್ಲ. 2004ರಿಂದ 2009ರ ನಡುವೆ ಕಾಲೇಜು ಬದಲಿಸಿದವರು ಸರಾಸರಿ ಶೇ 43ರಷ್ಟು ಕ್ರೆಡಿಟ್ ಕಳೆದುಕೊಂಡರೆಂದು ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ಅಂದಾಜಿಸಿತ್ತು; ಆದರೆ ಅದು ದೇಶದ ಎಲ್ಲ ಬಗೆಯ ವರ್ಗಾವಣೆಗಳನ್ನು, ಲಾಭಕ್ಕಾಗಿ ನಡೆಯುವ ಖಾಸಗಿ ಕಾಲೇಜುಗಳನ್ನೂ ಸೇರಿಸಿದ ಸರಾಸರಿ. ನನ್ನ ಅಭಿಪ್ರಾಯದಲ್ಲಿ ನಿಮ್ಮಂಥವರು ಚಿಂತಿಸಬೇಕಾದದ್ದು ವ್ಯರ್ಥವಾದ ಕ್ರೆಡಿಟ್ಟಿಗಿಂತ ಬಾಕಿ ಉಳಿದ ಕ್ರೆಡಿಟ್ಟಿನ ಬಗ್ಗೆ. ರಾಜ್ಯದ ನಿವಾಸಿಗೆ ಡಿ ಆಂಜಾದಲ್ಲಿ ಕ್ವಾರ್ಟರ್ ಯೂನಿಟ್ಟಿಗೆ ನೋಂದಣಿ ಶುಲ್ಕ 31 ಡಾಲರ್; ಐದು ಯೂನಿಟ್ಟಿನ ಒಂದು ಕೋರ್ಸ್ ಪೂರ್ತಿ ಹಾಳಾದರೂ ಶುಲ್ಕದಲ್ಲಿ ಹೋಗುವುದು 155 ಡಾಲರ್. ಅದೇ ಐದು ಯೂನಿಟ್ ಬಾಕಿಯಾಗಿ ಯುಸಿಯಲ್ಲಿ ಒಂದು ಅವಧಿ ಹೆಚ್ಚಾದರೆ ತೆರಬೇಕಾದದ್ದು ಸಾವಿರಗಳಲ್ಲಿ, ಬಾಡಿಗೆ, ಊಟ ಬೇರೆ. ಈ ಹೋಲಿಕೆ ನಿವಾಸಿಗಳಿಗೆ ಮಾತ್ರ ಹೊಂದುತ್ತದೆ. ಉದ್ಯೋಗದ ವೀಸಾದಲ್ಲಿರುವವರ ಅವಲಂಬಿತರಾಗಿ ಎಚ್-4 ವೀಸಾದಲ್ಲಿರುವ ಮಕ್ಕಳು ನಿಗದಿತ ಷರತ್ತುಗಳನ್ನು ಪೂರೈಸಿ ನಿವಾಸಿ ಶುಲ್ಕಕ್ಕೆ ಅರ್ಹರಾಗಬಹುದು. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬಂದವರು ಸಾಮಾನ್ಯವಾಗಿ ಹೊರಗಿನವರ ಶುಲ್ಕವನ್ನೇ ಕಟ್ಟಬೇಕಾದ್ದರಿಂದ ಅವರಿಗೆ ಕಮ್ಯುನಿಟಿ ಕಾಲೇಜಿನ ಯೂನಿಟ್ಟೂ ಅಗ್ಗವಲ್ಲ.

ಬಾಕಿ ಏನಿದೆ ಎಂದು ತಿಳಿಯಲು ಅಸಿಸ್ಟ್ ಎಂಬ ಅಧಿಕೃತ ಜಾಲತಾಣವಿದೆ. ವರ್ಷ, ಕಾಲೇಜು, ಕ್ಯಾಂಪಸ್ ಮತ್ತು ಮೇಜರ್ ಆರಿಸಿದರೆ ಎಡಗಡೆ ವಿಶ್ವವಿದ್ಯಾಲಯ ಕೇಳುವ ಕೋರ್ಸ್, ಬಲಗಡೆ ಅದಕ್ಕೆ ಸಮನಾದ ನಿಮ್ಮ ಕಾಲೇಜಿನ ಕೋರ್ಸ್ ಕಾಣಿಸುತ್ತದೆ. ಮೇಲೆ ಹೇಳಿದ ಮೂರು ಬುಟ್ಟಿಗಳಿಗೂ ಅಲ್ಲಿ ಬೇರೆ ಬೇರೆ ಪಟ್ಟಿಗಳಿವೆ. ಬಹುತೇಕ ಮಂದಿ ಮೊದಲನೆಯದನ್ನು ನೋಡಿ ಸಮಾಧಾನಪಟ್ಟು ಮುಚ್ಚಿಬಿಡುತ್ತಾರೆ. ನೋಡಬೇಕಾದದ್ದು ಮೇಜರ್‌ನ ಒಪ್ಪಂದವನ್ನು, ಅಂದರೆ ಆ ಮೇಜರ್‌ಗೆ ಯಾವ ಕೋರ್ಸ್ ಯಾವುದಕ್ಕೆ ಸಮ ಎಂಬ ಪಟ್ಟಿಯನ್ನು, ಅದೂ ಅರ್ಜಿ ಹಾಕುವ ಪ್ರತಿ ಕ್ಯಾಂಪಸ್ಸಿಗೂ ಪ್ರತ್ಯೇಕವಾಗಿ. ಯುಸಿಯ ಡೇವಿಸ್ ಕ್ಯಾಂಪಸ್ ಕೇಳುವುದನ್ನೇ ಅರ್ವೈನ್ ಕ್ಯಾಂಪಸ್ ಕೇಳಬೇಕೆಂದಿಲ್ಲ. ಎರಡು ಮೂರು ಕೋರ್ಸುಗಳನ್ನು ಒಟ್ಟಿಗೆ ಕಟ್ಟಿ ಇಡೀ ಗುಂಪಿಗೆ ಸಮಾನತೆ ಕೊಟ್ಟಿದ್ದರೆ ವಿಶೇಷವಾಗಿ ಗಮನಿಸಿ, ಏಕೆಂದರೆ ಕ್ವಾರ್ಟರ್ ಪದ್ಧತಿಯಲ್ಲಿ ನಾಲ್ಕು ಭಾಗವಾಗಿರುವ ಡಿ ಆಂಜಾದ ಕ್ಯಾಲ್ಕುಲಸ್, ಸೆಮಿಸ್ಟರ್ ಪದ್ಧತಿಯ ಬರ್ಕ್ಲಿ ಅಥವಾ ಮರ್ಸೆಡ್‌ನ ಕೋರ್ಸುಗಳ ಅಂಚಿಗೆ ಸರಿಯಾಗಿ ಕೂರುವುದಿಲ್ಲ. ಸರಣಿಯ ನಡುವೆ ಕಾಲೇಜು ಬಿಟ್ಟರೆ ಓದಿದ್ದನ್ನೇ ಅರ್ಧ ಮತ್ತೆ ಓದುವ ಪ್ರಮೇಯ ಬರುತ್ತದೆ. ಶುರು ಮಾಡಿದ ಸರಣಿಯನ್ನು ಅಲ್ಲೇ ಮುಗಿಸಿ ಹೊರಡುವುದು ಕ್ಷೇಮ. ಇನ್ನೊಂದು ಎಚ್ಚರ: ಅಸಿಸ್ಟ್‌ನಲ್ಲಿರುವುದು ಕ್ಯಾಲಿಫೋರ್ನಿಯಾದ ಸರ್ಕಾರಿ ಸಂಸ್ಥೆಗಳು ಮಾತ್ರ, ಖಾಸಗಿ ಮತ್ತು ಹೊರರಾಜ್ಯದ ವಿಶ್ವವಿದ್ಯಾಲಯಗಳ ನಿಯಮವನ್ನು ಅವರವರಲ್ಲೇ ವಿಚಾರಿಸಬೇಕು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಂದು ವರ್ಷ ಪದವಿ ಓದಿ ಬಂದಿದ್ದರೆ ಆ ಅಂಕಪಟ್ಟಿಯನ್ನು ಯುಸಿ ತಾನೇ ಪರಿಶೀಲಿಸುತ್ತದೆ. ಅದನ್ನು ಅರ್ಜಿಯಲ್ಲಿ ಮರೆಮಾಚುವಂತಿಲ್ಲ.

ದರ್ಜೆಗಳ ವಿಷಯವನ್ನೂ ಹಲವರು ಕೇಳುತ್ತಾರೆ. ಪ್ರವೇಶ ಕೊಡುವಾಗ ಕಮ್ಯುನಿಟಿ ಕಾಲೇಜಿನ ಜಿಪಿಎ, ಅಂದರೆ ದರ್ಜೆಗಳ ಸರಾಸರಿ, ಬಹು ಮುಖ್ಯ, ಆದರೆ ಯುಸಿಗೆ ಸೇರಿದ ಮೇಲೆ ಕ್ರೆಡಿಟ್ ಬರುತ್ತದೆ, ಜಿಪಿಎ ಬರುವುದಿಲ್ಲ. ಅಲ್ಲಿನ ಲೆಕ್ಕ ಸೊನ್ನೆಯಿಂದ ಆರಂಭ. ಕಷ್ಟಪಟ್ಟು ಗಳಿಸಿದ ಎ ದರ್ಜೆಗಳು ಕಾಣೆಯಾಗುವ ಬೇಸರದ ಜೊತೆಗೆ ಹಳೆಯ ಒಂದೆರಡು ಸಿ ದರ್ಜೆಗಳೂ ಹಿಂದೆ ಉಳಿಯುವ ಲಾಭವಿದೆ.

ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಎಂಬ ಆರು ಕ್ಯಾಂಪಸ್ಸುಗಳು ಷರತ್ತು ಪೂರೈಸಿದವರಿಗೆ ಪ್ರವೇಶದ ಖಾತರಿ ಕೊಡುವ ಟ್ಯಾಗ್ ಯೋಜನೆ ನಡೆಸುತ್ತವೆ; ಒಂದು ಕ್ಯಾಂಪಸ್ಸಿಗೆ ಮಾತ್ರ, ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕಬೇಕು, ಮತ್ತು ಕಂಪ್ಯೂಟರ್ ಸೈನ್ಸ್‌ನಂಥ ಮೇಜರ್‌ಗಳನ್ನು ಕೆಲವು ಕ್ಯಾಂಪಸ್ಸುಗಳು ಹೊರಗಿಟ್ಟಿರಬಹುದಾದ್ದರಿಂದ ಆ ವರ್ಷದ ಪಟ್ಟಿಯನ್ನು ಓದಿಕೊಂಡೇ ಹೆಜ್ಜೆ ಇಡಬೇಕು. ಸಿಎಸ್‌ಯು ಕಡೆಗೆ ಮನಸ್ಸಿದ್ದರೆ 2010ರ ಕಾನೂನಿನಿಂದ ಬಂದ, ಕಮ್ಯುನಿಟಿ ಕಾಲೇಜೇ ಕೊಡುವ ಎರಡು ವರ್ಷದ ವರ್ಗಾವಣೆಯ ಅಸೋಸಿಯೇಟ್ ಪದವಿ ಇನ್ನೂ ಸುಲಭದ ದಾರಿ: ಅದನ್ನು ಪಡೆದು ಅದೇ ಬಗೆಯ ಮೇಜರ್‌ಗೆ ಸೇರಿದವರು ಇನ್ನು 60 ಸೆಮಿಸ್ಟರ್ ಯೂನಿಟ್‌ಗಳಲ್ಲಿ ಪದವಿ ಮುಗಿಸಬಹುದು. ಬಯಸಿದ ಕ್ಯಾಂಪಸ್ಸೇ ಸಿಗುವ ಖಾತರಿ ಮಾತ್ರ ಅದರಲ್ಲಿಲ್ಲ.

ನಿಮ್ಮ ಮಗಳು ಈಗ ಮಾಡಬೇಕಾದದ್ದು, ತಾನು ಅರ್ಜಿ ಹಾಕುವ ಕ್ಯಾಂಪಸ್ಸುಗಳ ಮೇಜರ್ ಒಪ್ಪಂದಗಳನ್ನು ಮುದ್ರಿಸಿಕೊಂಡು, ಮುಗಿದ ಕೋರ್ಸುಗಳಿಗೆ ಗುರುತು ಹಾಕಿ, ಗುರುತಿಲ್ಲದವುಗಳೊಂದಿಗೆ ಕಾಲೇಜಿನ ಟ್ರಾನ್ಸ್‌ಫರ್ ಕೌನ್ಸೆಲರ್ ಬಳಿ ಹೋಗುವುದು. ಬೇಸಿಗೆಯಲ್ಲಿ ಬೇರೆ ಕಾಲೇಜಿನಲ್ಲಿ ಒಂದೇ ಕೋರ್ಸ್ ಮಾಡಿದ್ದರೂ ಆ ಕಾಲೇಜಿನ ಟ್ರಾನ್ಸ್‌ಕ್ರಿಪ್ಟನ್ನೂ, ಎಪಿ ಅಂಕಗಳನ್ನು ಆ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡಿನಿಂದಲೇ ನೇರವಾಗಿಯೂ ಯುಸಿಗೆ ಕಳಿಸಬೇಕು. ಡಿ ಆಂಜಾದ ದಾಖಲೆಯಲ್ಲಿ ಅವು ನಮೂದಾಗಿದ್ದರೆ ಸಾಲದು. ಒಪ್ಪಂದದಲ್ಲಿ ಸಮಾನ ಕೋರ್ಸ್ ಇಲ್ಲವೆಂದು ಬರೆದಿರುವ ಕಡೆಯೂ ಎಲ್ಲ ಮುಗಿದಂತಲ್ಲ. ಸೇರಿದ ಮೇಲೆ ಆಯಾ ವಿಭಾಗಕ್ಕೆ ಮನವಿ ಸಲ್ಲಿಸಬಹುದು, ಆಗ ಅವರು ಕೇಳುವುದು ದರ್ಜೆಯನ್ನಲ್ಲ, ವಾರವಾರ ಏನು ಕಲಿಸಿದರು, ಯಾವ ಪಠ್ಯಪುಸ್ತಕ, ಎಂಥ ಪ್ರಾಜೆಕ್ಟುಗಳು ಎಂಬ ವಿವರವಿರುವ ಸಿಲಬಸ್. ಅವಧಿ ಮುಗಿದ ಮೇಲೆ ತರಗತಿಯ ಆನ್‌ಲೈನ್ ಪುಟ ತೆರೆಯದೇ ಹೋಗಬಹುದು, ಅಧ್ಯಾಪಕರು ಕಾಲೇಜು ಬಿಟ್ಟಿರಬಹುದು. ಆದ್ದರಿಂದ ಇದುವರೆಗೆ ಓದಿದ ಪ್ರತಿ ಕೋರ್ಸಿನ ಸಿಲಬಸ್ಸನ್ನೂ ಈ ವಾರವೇ ಇಳಿಸಿ ಒಂದು ಕಡೆ ಜೋಡಿಸಿಡಲು ಅವಳಿಗೆ ಹೇಳಿ.