ವಾಕಿಂಗ್ ಎಂದು ಬರೆದ ಚೀಟಿಗೆ ಅಂಗಡಿ ಎಲ್ಲಿದೆ?

ಪ್ರಶ್ನೆ: ನನಗೆ 54 ವರ್ಷ, ಊರು ಬಂಗಾರಪೇಟೆ. ಎರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಪ್ರತಿ ಸಲವೂ ಡಾಕ್ಟರು ಮಾತ್ರೆಗಳ ಕೆಳಗೆ ‘ದಿನಾ ಅರ್ಧ ಗಂಟೆ ವಾಕಿಂಗ್’ ಎಂದು ಬರೆಯುತ್ತಾರೆ. ನಾಲ್ಕು ದಿನ ನಡೆಯುತ್ತೇನೆ, ಐದನೆಯ ದಿನ ನಿಂತುಹೋಗುತ್ತದೆ. ಹೊರದೇಶಗಳಲ್ಲಿ ಡಾಕ್ಟರು ಗುಂಪಿಗೆ ಸೇರುವಂತೆಯೂ ಚೀಟಿ ಬರೆಯುತ್ತಾರಂತೆ. ಅದರಿಂದ ನನ್ನಂಥವರು ನಿಜವಾಗಿ ನಡೆಯುತ್ತಾರೆಯೇ?

ಉತ್ತರ: ನಾಲ್ಕು ದಿನ ನಡೆದಿದ್ದೀರಲ್ಲ ಅಮ್ಮ, ಕಾಲಿನಲ್ಲಿ ಶಕ್ತಿ ಇದೆ, ಮನಸ್ಸೂ ಇದೆ ಎಂಬುದಕ್ಕೆ ಅಷ್ಟು ಸಾಕು. ಐದನೆಯ ದಿನ ‘ಯಾಕೆ ಬರಲಿಲ್ಲ?’ ಎಂದು ಕೇಳುವವರು ಯಾರೂ ಇರಲಿಲ್ಲ. ಮಾತ್ರೆ ಬರೆದುಕೊಟ್ಟರೆ ಅದನ್ನು ಕೊಡುವ ಅಂಗಡಿ ಆಸ್ಪತ್ರೆಯ ಎದುರಿಗೇ ಇರುತ್ತದೆ. ವಾಕಿಂಗ್ ಎಂದು ಬರೆದದ್ದನ್ನು ಯಾವ ಅಂಗಡಿಗೆ ಒಯ್ಯಬೇಕು?

ನೀವು ಕೇಳಿದ ಪದ್ಧತಿ ಹುಟ್ಟಿದ್ದು ಈ ಕೊರತೆಯಿಂದಲೇ. ಇಂಗ್ಲಿಷಿನಲ್ಲಿ ಸೋಷಿಯಲ್ ಪ್ರಿಸ್ಕ್ರೈಬಿಂಗ್ ಎನ್ನುತ್ತಾರೆ, ನಾವು ಸಾಮಾಜಿಕ ಚೀಟಿ ಎಂದುಕೊಳ್ಳೋಣ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2019ರ ತನ್ನ ದೀರ್ಘಾವಧಿ ಯೋಜನೆಯಲ್ಲಿ ಇದನ್ನು ಸೇರಿಸಿತು. ಅಲ್ಲಿ ಡಾಕ್ಟರು ರೋಗಿಯನ್ನು ಲಿಂಕ್ ವರ್ಕರ್ ಎಂಬ ಕಾರ್ಯಕರ್ತರ ಬಳಿ ಕಳಿಸುತ್ತಾರೆ. ಡಾಕ್ಟರಿಗೆ ಇಲ್ಲದ ಬಿಡುವು ಇವರಿಗಿರುತ್ತದೆ. ನಿಮಗೆ ಏನು ಕಾಯಿಲೆ ಎನ್ನುವುದಕ್ಕಿಂತ ನಿಮಗೆ ಯಾವುದು ಮುಖ್ಯ ಎಂದು ಕೇಳುತ್ತಾರೆ. ಒಬ್ಬರಿಗೆ ತೋಟದ ಕೆಲಸ ಇಷ್ಟ, ಇನ್ನೊಬ್ಬರಿಗೆ ಕುಣಿತ, ಮತ್ತೊಬ್ಬರಿಗೆ ಮಾತನಾಡಲು ಯಾರಾದರೂ ಸಿಕ್ಕರೆ ಸಾಕು. ಅದಕ್ಕೆ ತಕ್ಕ ಗುಂಪನ್ನು ಊರಿನಲ್ಲೇ ಹುಡುಕಿ ಸೇರಿಸುತ್ತಾರೆ. ಮಾತಿಗೆ ಜೊತೆ ಹುಡುಕಿಕೊಂಡು ಬಂದವರು ಅದರ ನೆಪದಲ್ಲಿ ನಡೆಯುತ್ತಾರೆ. ನನಗೆ ಇದರಲ್ಲಿ ಹಿಡಿಸಿದ್ದೇ ಇದು, ವ್ಯಾಯಾಮವನ್ನು ಶಿಕ್ಷೆಯಂತೆ ಹೊರಿಸುವುದಿಲ್ಲ.

ಫಲ ಸಿಗುತ್ತದೆಯೇ? ನ್ಯೂಜಿಲೆಂಡಿನಲ್ಲಿ ಇದಕ್ಕೆ ಹತ್ತಿರದ, ಡಾಕ್ಟರು ವ್ಯಾಯಾಮವನ್ನೇ ಚೀಟಿಯಲ್ಲಿ ಬರೆದುಕೊಡುವ ‘ಹಸಿರು ಚೀಟಿ’ ಎಂಬ ಪದ್ಧತಿಯೊಂದಿದೆ. ಅದರ ಮೇಲೆ 40ರಿಂದ 79 ವಯಸ್ಸಿನ 878 ಜನರನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಚೀಟಿ ಪಡೆದವರಿಗೆ ವ್ಯಾಯಾಮ ತಜ್ಞರು ಮೊದಲ ಮೂರು ತಿಂಗಳಲ್ಲಿ ಹಲವು ಸಲ ಫೋನ್ ಮಾಡಿ ವಿಚಾರಿಸುತ್ತಿದ್ದರು. ಚೀಟಿ ಇಲ್ಲದವರಿಗೆ ಹೋಲಿಸಿದರೆ, ಪಡೆದ ಪ್ರತಿ ಹತ್ತು ಜನರಲ್ಲಿ ಸುಮಾರು ಒಬ್ಬರು ಹೆಚ್ಚಾಗಿ ವಾರಕ್ಕೆ ಎರಡೂವರೆ ಗಂಟೆಯ ವ್ಯಾಯಾಮ ಮುಟ್ಟಿದರು. ಪವಾಡವೇನಲ್ಲ. ಆದರೆ ಒಂದು ಚೀಟಿ ಮತ್ತು ಕೆಲವು ಫೋನ್ ಕರೆಗಳಿಗೆ ಇಷ್ಟು ಫಲ ಸಿಕ್ಕಿತೆಂದರೆ ನಾನು ಅದನ್ನು ಕಡಿಮೆ ಎನ್ನಲಾರೆ.

ಇನ್ನು ನಮ್ಮ ಕೋಲಾರ ಜಿಲ್ಲೆಗೆ ಬರೋಣ. ಇಂಗ್ಲೆಂಡಿನಂಥ ಲಿಂಕ್ ವರ್ಕರ್ ಹುದ್ದೆ ಇಲ್ಲಿಲ್ಲ, ಆದರೆ ಆ ಕೆಲಸದ ಅರ್ಧದಷ್ಟನ್ನು ಆಶಾ ಕಾರ್ಯಕರ್ತೆ ಆಗಲೇ ಮಾಡುತ್ತಿದ್ದಾರೆ. 30 ವರ್ಷ ದಾಟಿದವರಿಗಾಗಿ ಅವರು ತುಂಬುವ ತಪಾಸಣಾ ಪಟ್ಟಿಯಲ್ಲಿ, ವಾರಕ್ಕೆ ಕನಿಷ್ಠ 150 ನಿಮಿಷ ದೈಹಿಕ ಚಟುವಟಿಕೆ ಇದೆಯೇ ಎಂಬ ಪ್ರಶ್ನೆಯೇ ಇದೆ. ಮನೆಮನೆಗೆ ಹೋಗಿ ಬಿಪಿ, ಸಕ್ಕರೆ ನೋಡುವ ರಾಜ್ಯದ ‘ಗೃಹ ಆರೋಗ್ಯ’ ಯೋಜನೆ ಪ್ರಾಯೋಗಿಕವಾಗಿ ಶುರುವಾದದ್ದೂ ನಮ್ಮ ಜಿಲ್ಲೆಯಲ್ಲೇ, 2024ರಲ್ಲಿ. ಹಾಗಾದರೆ 150 ನಿಮಿಷ ‘ಇಲ್ಲ’ ಎಂದು ಗುರುತು ಹಾಕಿಸಿಕೊಂಡ ಹತ್ತು ಹೆಂಗಸರು ಒಂದೇ ಬೀದಿಯಲ್ಲಿದ್ದರೆ, ಅವರನ್ನು ಒಬ್ಬರಿಗೊಬ್ಬರು ಪರಿಚಯಿಸುವುದೇ ಸಾಮಾಜಿಕ ಚೀಟಿ. ಆದರೆ ಇದನ್ನೂ ಪುಕ್ಕಟೆಯಾಗಿ ಆಶಾ ತಲೆಯ ಮೇಲೆ ಹೊರಿಸುವುದು ಅನ್ಯಾಯ. ಇಂಗ್ಲೆಂಡಿನಲ್ಲಿ ಇದು ಸಂಬಳದ ಕೆಲಸ, ಇಲ್ಲಿಯೂ ಹಾಗೆಯೇ ಆಗಬೇಕು.

‘ದಿನವಿಡೀ ಮನೆಗೆಲಸ ಮಾಡುತ್ತೇನೆ, ಅದು ಲೆಕ್ಕಕ್ಕಿಲ್ಲವೇ?’ ಎಂದು ಹಲವು ಹೆಂಗಸರು ಕೇಳುತ್ತಾರೆ. ಖಂಡಿತ ಲೆಕ್ಕಕ್ಕಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಬೇಕು ಎನ್ನುತ್ತದೆ. ಮನೆಗೆಲಸ, ದುಡಿಮೆ, ಓಡಾಟ ಎಲ್ಲವೂ ಅದರಲ್ಲಿ ಸೇರುತ್ತವೆ. ಒಂದೇ ಸಮನೆ ಹತ್ತು ನಿಮಿಷವಾದರೂ ಇರಬೇಕೆಂಬ ಹಳೆಯ ನಿಯಮವನ್ನೂ ಅದು ಕೈಬಿಟ್ಟಿದೆ. ಶ್ರಮ ಸಾಕಷ್ಟಿದೆಯೇ ಎಂದು ತಿಳಿಯಲು ಸುಲಭ ಗುರುತು: ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಹೊಲದಿಂದ ಹುಲ್ಲಿನ ಹೊರೆ ಹೊತ್ತು ತರುವವರಿಗೆ ಈ ಚೀಟಿಯೇ ಬೇಡ. ಹಸು ಮಾರಿ, ಮಕ್ಕಳ ಜೊತೆ ಪಟ್ಟಣದ ಮನೆಗೆ ಬಂದು, ಹಾಲಿನ ಪ್ಯಾಕೆಟ್ ಬಾಗಿಲಿಗೇ ಬರುವಂತಾದವರಿಗೆ ಬೇಕು. ಡೈರಿಗೆ ಹಾಲು ಹಾಕಲು ಎರಡು ಹೊತ್ತು ಹೋಗಿಬರುತ್ತಿದ್ದಾಗ ಅವರಿಗೆ ನಡಿಗೆಯೂ ಇತ್ತು, ದಾರಿಯಲ್ಲಿ ಮಾತೂ ಇತ್ತು. ಎರಡೂ ಒಂದೇ ದಿನ ಕೈಬಿಟ್ಟುಹೋದವು.

ಆದ್ದರಿಂದ ನೀವು ಹುಡುಕಬೇಕಾದದ್ದು ಶೂ ಅಲ್ಲ, ಜೊತೆ. ಸ್ತ್ರೀಶಕ್ತಿ ಸಂಘದಲ್ಲಿದ್ದರೆ ಮುಂದಿನ ಸಭೆಯಲ್ಲಿ ವಿಷಯ ಎತ್ತಿ, ಸಕ್ಕರೆ ಕಾಯಿಲೆಯವರು ನಿಮ್ಮೊಬ್ಬರೇ ಆಗಿರುವುದಿಲ್ಲ. ಇಲ್ಲವೇ ಆಶಾ ಅವರನ್ನೇ ಕೇಳಿ: ‘ನಮ್ಮ ಬೀದಿಯಲ್ಲಿ ನನ್ನ ಹಾಗೆ ಇನ್ನು ಯಾರು ನಡೆಯಬೇಕೆಂದಿದ್ದಾರೆ? ನನ್ನ ನಂಬರು ಅವರಿಗೆ ಕೊಡಿ.’ ಬೇರೆಯವರ ಕಾಯಿಲೆಯ ಗುಟ್ಟನ್ನು ಅವರು ಹೇಳಬೇಕಾಗಿಲ್ಲ, ನಿಮ್ಮ ನಂಬರು ತಲುಪಿಸಿದರೆ ಸಾಕು. ಮೂವರಿದ್ದರೆ ಬೀದಿನಾಯಿಯ ಭಯ, ನೋಡಿದವರು ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ಎರಡೂ ತಗ್ಗುತ್ತವೆ. ಒಬ್ಬರ ಮನೆಗೆ ನೆಂಟರು ಬಂದ ದಿನ ಉಳಿದಿಬ್ಬರು ಹೊರಡುತ್ತಾರೆ.

ಹೊರಡುವ ಮುನ್ನ ಮೂರು ಮಾತು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ನಡಿಗೆಯ ಹೊತ್ತನ್ನು ಡಾಕ್ಟರನ್ನು ಕೇಳಿ ಗೊತ್ತುಮಾಡಿಕೊಂಡು, ಸೆರಗಿನ ತುದಿಯಲ್ಲಿ ಒಂದಿಷ್ಟು ಸಕ್ಕರೆ ಕಟ್ಟಿಕೊಂಡಿರಲಿ. ಎದೆ ಹಿಡಿದಂತಾದರೆ ಅಲ್ಲೇ ನಿಂತು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮನೆಗೆ ಬಂದ ಮೇಲೆ ಅಂಗಾಲು ನೋಡಿಕೊಳ್ಳಿ, ಸಕ್ಕರೆ ಕಾಯಿಲೆಯಲ್ಲಿ ಬೊಬ್ಬೆ ಎದ್ದರೂ ನೋವು ತಿಳಿಯದೆ ಹೋಗಬಹುದು.